ಒಂದೇ ಮುಖದ ಎರಡು ಜರಿಗಿಡ, ಇಪ್ಪತ್ತು ವರ್ಷದ ತಪ್ಪು ವಿಳಾಸ

ಇವತ್ತಿನ ಸಂಚಿಕೆ ಎರಡು ಜರಿಗಿಡಗಳ ಬಗ್ಗೆ. ಇಷ್ಟು ಕೇಳಿ ಸ್ಕಿಪ್ ಮಾಡಬ್ಯಾಡ್ರಿ. ಇದು ಬಾಟನಿ ಕ್ಲಾಸ್ ಅಲ್ಲ, ಒಂದು ತಪ್ಪು ಗುರುತಿನ ಕೇಸ್. ಈ ಕೇಸಿನ್ಯಾಗ ಆಫ್ರಿಕಾದ ದೊಡ್ಡದೊಂದು ಅಣೆಕಟ್ಟು ಅದ, ಕೇರಳದ ಭತ್ತದ ಗದ್ದೆ ಅದ, ಬ್ರೆಜಿಲ್ ದೇಶ ಅದ, ಬೆಂಗಳೂರಿನ ಒಂದು ಸಣ್ಣ ನೈದಿಲೆ ಕೊಳವೂ ಅದ. ಎರಡು ಬೇರೆ ಬೇರೆ ಗಿಡಗಳನ್ನು ಒಂದೇ ಅಂತ ತಿಳಿದಿದ್ದಕ್ಕೆ ಜಗತ್ತು ಸುಮಾರು ಇಪ್ಪತ್ತು ವರ್ಷ ಬೆಲೆ ತೆತ್ತಿತು. ನಾನು ಓದಿದ್ದು ಬಿ.ಕಾಂ. ಹಂಗಾಗಿ ಬೆಲೆ ಅಂದ ಕೂಡಲೇ ಕಿವಿ ನೆಟ್ಟಗಾಗ್ತಾವ. ಲೆಕ್ಕ ಎಲ್ಲಿ ತಪ್ಪಿತು ಅಂತ ಹುಡುಕ್ಕೋತ ಹೋಗೋಣ.

ಮೊದಲು ನಮ್ಮೂರಿನ ನೀರು ನೋಡೋಣ. ಮಾಳಮಡ್ಡಿಯಿಂದ ಹುಬ್ಬಳ್ಳಿಗೆ ಹೋಗುವಾಗ ಉಣಕಲ್ ಕೆರೆ ಸಿಗ್ತದ. ಆ ಕೆರೆ ಮೇಲೆ ಹಸಿರು ಹಾಸು ಹರಡಿದ್ದನ್ನು ನೋಡದ ಹುಬ್ಬಳ್ಳಿ-ಧಾರವಾಡ ಮಂದಿ ಕಮ್ಮಿ. ಎಲೆಯ ದೇಟು ಉಬ್ಬಿಕೊಂಡು, ನೇರಳೆ ಹೂ ಬಿಡುವ ಆ ಗಿಡ ವಾಟರ್ ಹಯಾಸಿಂತ್. ಪೇಪರ್‌ನ್ಯಾಗ ಅದಕ್ಕೆ ‘ಅಂತರಗಂಗೆ’ ಅಂತ ಬರೀತಾರ. ಆದರೆ ಅಂತರಗಂಗೆ ಅನ್ನುವ ಹೆಸರು ಇನ್ನೊಂದು ಗಿಡಕ್ಕೂ ಇದೆ. ಪುಟ್ಟ ಎಲೆಕೋಸು ನೀರಿನ ಮೇಲೆ ತೇಲಿದಂಗ ಕಾಣುವ ಪಿಸ್ಟಿಯಾಕ್ಕೂ ಅದೇ ಹೆಸರು. ಎರಡು ಗಿಡ, ಹೆಸರು ಒಂದೇ. ನಮಗ ಇದರಿಂದ ಏನೂ ತೊಂದರೆ ಆಗೂದಿಲ್ಲ ಅನಿಸ್ತದ, ಅಲ್ಲೇನ್ರಿ? ಕೆರೆ ತುಂಬಿದ ಕಳೆ, ತೆಗೀಬೇಕು, ಮುಗೀತು. ಹೆಸರು ತಗೊಂಡು ಏನು ಮಾಡೂದು? ಈ ಪ್ರಶ್ನೆಗೆ ಉತ್ತರ ಮೂರನೆಯ ಒಂದು ತೇಲುಗಿಡದ ಇತಿಹಾಸದಲ್ಲಿ ಇದೆ.

ಆ ಗಿಡದ ಹೆಸರು ಸಾಲ್ವಿನಿಯಾ. ಇದು ಹೂ ಬಿಡುವುದಿಲ್ಲ, ಯಾಕಂದ್ರ ಇದು ಜರಿಗಿಡ. ಜರಿಗಿಡ ಅಂದಕೂಡಲೇ ನಮಗೆ ದಾಂಡೇಲಿ ಕಾಡಿನಲ್ಲಿ ಝರಿಯ ಪಕ್ಕ ಗರಿ ಬಿಚ್ಚಿಕೊಂಡು ನಿಂತದ್ದು ನೆನಪಾಗ್ತದ. ಇದು ಹಾಗಿಲ್ಲ. ಇದಕ್ಕೆ ಬೇರೇ ಇಲ್ಲ. ಒಂದೊಂದು ಗೆಣ್ಣಿನಲ್ಲೂ ಮೂರು ಎಲೆ ಬರುತ್ತವೆ. ಎರಡು ನೀರಿನ ಮೇಲೆ ತೇಲುತ್ತವೆ. ಮೂರನೆಯದು ನೀರೊಳಗೆ ಇಳಿದು, ಎಳೆ ಎಳೆಯಾಗಿ ಸೀಳಿಕೊಂಡು, ಬೇರಿನ ವೇಷ ಹಾಕಿಕೊಂಡಿರುತ್ತದೆ. ತೇಲುವ ಎಲೆಗಳ ಮೇಲೆ ಸಣ್ಣ ಸಣ್ಣ ರೋಮಗಳು. ಒಂದೊಂದು ರೋಮವೂ ನಾಲ್ಕು ಕವಲಾಗಿ, ತುದಿಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಮೊಟ್ಟೆ ಕಲಕುವ ತಂತಿಯ ಬೀಟರ್ ನೋಡಿದ್ದೀರಲ್ಲ, ಥೇಟ್ ಅದೇ ಆಕಾರ. ಈ ರೋಮಗಳ ನಡುವೆ ಗಾಳಿ ಸಿಕ್ಕಿಕೊಳ್ಳುತ್ತದೆ. ಎಲೆಗೆ ನೀರು ಅಂಟುವುದಿಲ್ಲ, ಗಿಡ ಮುಳುಗುವುದಿಲ್ಲ.

ಈಗ ನಮ್ಮ ಕಥೆಯ ಇಬ್ಬರನ್ನು ಪರಿಚಯ ಮಾಡಿಕೊಡ್ತೀನಿ. ಒಂದು, ಸಾಲ್ವಿನಿಯಾ ಆರಿಕ್ಯುಲಾಟಾ. ದಕ್ಷಿಣ ಅಮೆರಿಕದ ಗಿಡ. 1775ರಲ್ಲೇ ಔಬ್ಲೆ ಅನ್ನುವ ಫ್ರೆಂಚ್ ಸಸ್ಯವಿಜ್ಞಾನಿ ಇದಕ್ಕೆ ಹೆಸರು ಕೊಟ್ಟಾಗಿತ್ತು. ಇನ್ನೊಂದು, ಸಾಲ್ವಿನಿಯಾ ಮೊಲೆಸ್ಟಾ. ಇದಕ್ಕೆ ಹೆಸರು ಸಿಕ್ಕಿದ್ದು 1972ರಲ್ಲಿ. ನಡುವೆ ಸುಮಾರು ಇನ್ನೂರು ವರ್ಷ. ಅಷ್ಟು ತಡ ಆಗಿದ್ದು ಯಾಕೆ ಅಂದ್ರ, ಎರಡನ್ನೂ ಪಕ್ಕಪಕ್ಕ ಇಟ್ಟರೂ ಮೇಲಿನಿಂದ ಬೇರೆ ಅಂತ ಹೇಳುವುದು ಕಷ್ಟ. ಅದೇ ಎಲೆ, ಅದೇ ಬೀಟರ್ ರೋಮ, ಅದೇ ತೇಲಾಟ.

ಗಿಡ ತಪ್ಪಾಗಿ ಗುರುತಾದರೆ ಯಾರಿಗೆ ನಷ್ಟ? ಮೊದಲ ದೊಡ್ಡ ಬಿಲ್ ಬಂದಿದ್ದು ಆಫ್ರಿಕಾದಲ್ಲಿ.

ಜಾಂಬೆಜಿ ನದಿಗೆ ಕರೀಬಾ ಅಂತ ಒಂದು ಭಾರಿ ಅಣೆಕಟ್ಟು ಕಟ್ಟಿದರು. ಇವತ್ತಿನ ಜಾಂಬಿಯಾ ಮತ್ತು ಜಿಂಬಾಬ್ವೆ ನಡುವೆ ಅದ ಅದು. 1958ರ ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಲು ಶುರು ಮಾಡಿದರು. 1959ರ ಮೇ ತಿಂಗಳಿಗೆ ಜಲಾಶಯದಲ್ಲಿ ಸಾಲ್ವಿನಿಯಾ ಕಾಣಿಸಿಕೊಂಡಿತು. 1962ರ ಹೊತ್ತಿಗೆ ಸುಮಾರು 1,000 ಚದರ ಕಿಲೋಮೀಟರ್ ನೀರು ಇದರ ಕೆಳಗೆ ಮುಚ್ಚಿಹೋಗಿತ್ತು. ಅಂದ್ರ ಇಡೀ ಜಲಾಶಯದ ಐದನೇ ಒಂದು ಭಾಗಕ್ಕಿಂತ ಜಾಸ್ತಿ.

ಇಷ್ಟು ವೇಗ ಹೆಂಗ ಬಂತು? ಕಾಮರ್ಸ್ ಹುಡುಗರಿಗೆ ಇದು ಸುಲಭ, ಚಕ್ರಬಡ್ಡಿ. ಬಿಸಿಲು, ಬೆಚ್ಚನೆಯ ನೀರು, ಗೊಬ್ಬರದ ಅಂಶ ಎಲ್ಲ ಚೆನ್ನಾಗಿ ಸಿಕ್ಕರೆ ಈ ಗಿಡ ಎರಡು-ಮೂರು ದಿನಕ್ಕೆ ದುಪ್ಪಟ್ಟು ಆಗಬಲ್ಲದು. ಮೂರು ದಿನ ಅಂತಲೇ ಹಿಡಿಯಿರಿ. ಒಂದನೇ ತಾರೀಖು ಒಂದು ಗಿಡ ಬಿಟ್ಟರೆ ತಿಂಗಳ ಕೊನೆಗೆ 1,024. ಎರಡನೇ ತಿಂಗಳ ಕೊನೆಗೆ ಹತ್ತು ಲಕ್ಷ ದಾಟ್ತದ. ಇಷ್ಟು ಬಡ್ಡಿ ಯಾವ ಸಾಹುಕಾರನೂ ಹಾಕೂದಿಲ್ಲ ಬಿಡ್ರಿ. ನಿಜವಾದ ಕೆರೆಯಲ್ಲಿ ಜಾಗ, ಗೊಬ್ಬರ ಖಾಲಿ ಆದಂಗ ವೇಗ ಕಡಿಮೆ ಆಗ್ತದ. ಆದರೆ ಅಷ್ಟರಲ್ಲಿ ಆಗಬೇಕಾದ ಹಾನಿ ಆಗಿರ್ತದ. ನೀರಿನ ಮೇಲೆ ದಪ್ಪನೆಯ ಚಾಪೆ ಬಿದ್ದು ಕೆಳಗೆ ಬೆಳಕು ಹೋಗುವುದಿಲ್ಲ, ಆಮ್ಲಜನಕ ಕುಸಿಯುತ್ತದೆ, ಮೀನು ಉಳಿಯುವುದಿಲ್ಲ, ದೋಣಿ ಮುಂದೆ ಹೋಗುವುದಿಲ್ಲ.

ಈ ಕಳೆ ಏಷ್ಯಾಕ್ಕೆ ಬಂದಿದ್ದು ಇನ್ನೂ ಮೊದಲು. 1939ರಲ್ಲಿ ಕೊಲಂಬೊದಲ್ಲಿ ಸಸ್ಯಶಾಸ್ತ್ರ ವಿಭಾಗವೊಂದಕ್ಕೆ ಅಧ್ಯಯನಕ್ಕಂತ ತರಿಸಿದ ಗಿಡ ಅಲ್ಲಿಂದ ಹೊರಬಿತ್ತು, ಶ್ರೀಲಂಕಾದ ಗದ್ದೆಗಳಿಗೆ ಹರಡಿತು. ಕೇರಳದಲ್ಲಿ 1955ರಲ್ಲಿ ತಿರುವನಂತಪುರದ ವೇಳಿ ಸರೋವರದಲ್ಲಿ ಕಾಣಿಸಿಕೊಂಡಿತು. ಅರವತ್ತರ ದಶಕದಲ್ಲಿ ಪಿಡುಗಾಯಿತು. ಕುಟ್ಟನಾಡ್ ಗೊತ್ತಲ್ಲ, ಸಮುದ್ರಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಸೀಮೆ, ರಸ್ತೆ ಬದಲು ಕಾಲುವೆ ಇರುವ ಊರುಗಳು. ಅಲ್ಲಿ ಕಾಲುವೆ ಮುಚ್ಚಿತು ಅಂದ್ರ ನಮ್ಮ ಕಡೆ ರಸ್ತೆಗೆ ಅಡ್ಡ ಗೋಡೆ ಕಟ್ಟಿದಂಗ. ಗದ್ದೆಯಲ್ಲಿ ನಾಟಿಗೆ ಮುಂಚೆ ಆಳು ಹಚ್ಚಿ ಇದನ್ನು ತೆಗೆಸಬೇಕು. ಮಲಯಾಳಿಗಳು ಇದನ್ನು ‘ಆಫ್ರಿಕನ್ ಪಾಯಲ್’ ಅಂದರು. ಪಾಯಲ್ ಅಂದ್ರ ಪಾಚಿ. ಹೆಸರಿನ ಎರಡೂ ಪದ ಸುಳ್ಳು. ಇದು ಆಫ್ರಿಕಾದ್ದೂ ಅಲ್ಲ, ಪಾಚಿಯೂ ಅಲ್ಲ.

ಈಗ ಕೇಸಿನ ಮುಖ್ಯ ಭಾಗಕ್ಕೆ ಬರೋಣ. ಒಂದು ಗಿಡ ತನ್ನ ತವರಿನಲ್ಲಿ ಸುಮ್ಮನಿದ್ದು ಪರದೇಶದಲ್ಲಿ ರಾಕ್ಷಸ ಆಗ್ತದ ಅಂದ್ರ, ತವರಿನಲ್ಲಿ ಅದನ್ನು ತಿನ್ನುವವರು ಯಾರೋ ಇದ್ದಾರ ಅಂತ ಅರ್ಥ. ಅವರನ್ನು ಹುಡುಕಿ ತಂದು ಬಿಟ್ಟರೆ? ಇದಕ್ಕೆ ಜೈವಿಕ ನಿಯಂತ್ರಣ ಅಂತಾರೆ. ಈ ಯೋಚನೆ ಚೆನ್ನಾಗಿತ್ತು. ಆದರೆ ತವರು ಯಾವುದು ಅಂತ ಗೊತ್ತಾಗಬೇಕಾದರೆ ಹೆಸರು ಬೇಕು. ಪುಸ್ತಕದಲ್ಲಿ ಹೆಸರು ಆರಿಕ್ಯುಲಾಟಾ ಅಂತ ಇತ್ತು. ಹಂಗಾಗಿ ಅರವತ್ತರ ದಶಕದ ಶುರುವಿನಲ್ಲಿ ಕೀಟತಜ್ಞರು ಆರಿಕ್ಯುಲಾಟಾ ಬೆಳೆಯುವ ಟ್ರಿನಿಡಾಡ್, ಗಯಾನಾ ಕಡೆ ಹುಡುಕಾಟ ನಡೆಸಿದರು. ಮೂರು ಕೀಟ ಸಿಕ್ಕವು: ಒಂದು ಮಿಡತೆ, ಒಂದು ಪತಂಗ, ಒಂದು ಮೂತಿಹುಳು. ಮೂತಿಹುಳು ಅಂದ್ರ ತೆಂಗಿಗೆ ಬರುವ ಕೆಂಪು ಮೂತಿಹುಳದ ಬಳಗ, ಆದರೆ ಗಾತ್ರ ಮಾತ್ರ ಎರಡು ಮಿಲಿಮೀಟರ್ ಆಸುಪಾಸು. ಅಕ್ಕಿಯ ನುಸಿಗಿಂತಲೂ ಸಣ್ಣದು. ಹೆಸರು ಸಿರ್ಟೊಬ್ಯಾಗಸ್ ಸಿಂಗ್ಯುಲಾರಿಸ್.

ಈ ಕೀಟಗಳನ್ನು ಆಫ್ರಿಕಾದಲ್ಲಿ ಬಿಟ್ಟರು. ಮಿಡತೆಯನ್ನು 1974ರಲ್ಲಿ ಕೇರಳಕ್ಕೂ ತಂದು ಬಿಟ್ಟರು. ಕೆಲವು ಕಡೆ ಅವು ಬದುಕಿದವು, ಸಂಸಾರವನ್ನೂ ಮಾಡಿಕೊಂಡವು. ಆದರೆ ಕಳೆ ಬಗ್ಗಲಿಲ್ಲ. ವಿಳಾಸ ತಪ್ಪಿದ ಕಾಗದ ಎಷ್ಟು ಸಲ ಪೋಸ್ಟ್ ಮಾಡಿದರೂ ಮುಟ್ಟೂದಿಲ್ಲಲ್ರಿ, ಹಂಗಾಗಿತ್ತು.

ಅನುಮಾನ ಬರಬೇಕಾಗಿತ್ತು, ಬಂದಿತ್ತು ಕೂಡ. ಒಂದು ಸುಳಿವು ನಮ್ಮ ದೇಶದಿಂದಲೇ ಬಂತು. 1966ರಲ್ಲಿ ಲೋಯಲ್ ಮತ್ತು ಗ್ರೆವಾಲ್ ಅನ್ನುವ ಸಸ್ಯವಿಜ್ಞಾನಿಗಳು ‘ಆರಿಕ್ಯುಲಾಟಾ’ ಅಂತ ಕರೀತಿದ್ದ ಗಿಡ ಯಾಕೆ ಬಂಜೆ ಅಂತ ಅಭ್ಯಾಸ ಮಾಡಿದರು. ಅದರ ಜೀವಕೋಶದಲ್ಲಿ 45 ಕ್ರೋಮೊಸೋಮ್ ಇದ್ದವು. ಸಾಲ್ವಿನಿಯಾ ಕುಲದಲ್ಲಿ ಒಂದು ಸೆಟ್ ಅಂದ್ರ ಒಂಬತ್ತು. ಒಂಬತ್ತೈದ್ಲೆ ನಲವತ್ತೈದು. ಐದು ಸೆಟ್. ಜೋಡಿ ಜೋಡಿಯಾಗಿ ನಿಲ್ಲಬೇಕಾದ ಕಡೆ ಬೆಸ ಸಂಖ್ಯೆ ಬಂದರೆ ಒಂದು ಸೆಟ್ ಒಂಟಿಯಾಗಿ ಉಳೀತದ. ಹಾಗಾಗಿ ಈ ಗಿಡ ಸರಿಯಾದ ಬೀಜಾಣು ಕಟ್ಟುವುದೇ ಇಲ್ಲ. ಇದು ಹರಡುವುದು ತುಂಡಾಗಿ ಮಾತ್ರ. ಒಂದು ಗಿಡ ಮುರಿದರೆ ಎರಡು ಗಿಡ. ನಿಜವಾದ ಆರಿಕ್ಯುಲಾಟಾದಲ್ಲಿ ಇರುವುದು 54, ಅಂದರೆ ಆರು ಸೆಟ್.

ಇದರ ಅರ್ಥ ಏನು ನೋಡ್ರಿ. ಕರೀಬಾದ ಗಿಡ, ಕುಟ್ಟನಾಡಿನ ಗಿಡ, ಶ್ರೀಲಂಕಾದ ಗಿಡ, ಎಲ್ಲ ಒಂದೇ ಗಿಡದ ತುಂಡುಗಳು ಇದ್ದಂಗ. ಅಪ್ಪ-ಅಮ್ಮ ಕೂಡಿ ಹುಟ್ಟಿದ ಮಕ್ಕಳಲ್ಲ, ಒಂದೇ ಮೂಲದ ನಕಲು ಪ್ರತಿಗಳು.

ಇದಾದ ಮೇಲೆ ಕರೀಬಾದ ಕಳೆಯ ಮೇಲೆ ಕೆಲಸ ಮಾಡುತ್ತಿದ್ದ ಡಿ.ಎಸ್. ಮಿಚೆಲ್ 1972ರಲ್ಲಿ ನೇರವಾಗಿ ಹೇಳಿದರು: ಇದು ಆರಿಕ್ಯುಲಾಟಾ ಅಲ್ಲ, ಬೇರೆಯೇ ಪ್ರಭೇದ. ಅವರು ನೋಡಿದ್ದು ಎಲೆಯ ಮೇಲ್ಭಾಗ ಅಲ್ಲ, ನೀರಿನ ಕೆಳಗೆ. ಆ ಸೀಳೆಲೆಯ ನಡುವೆ ಬೀಜಾಣು ಸಂಚಿಗಳು ಇರ್ತಾವ. ಅವುಗಳ ಆಕಾರ ಮತ್ತು ಜೋಡಣೆಯಲ್ಲಿ ಎರಡು ಪ್ರಭೇದಕ್ಕೂ ವ್ಯತ್ಯಾಸ ಇದೆ. ಮೊಲೆಸ್ಟಾದಲ್ಲಿ ಅವು ಉದ್ದನೆಯ ಸರದಂತೆ ಸಾಲಾಗಿ ಇರುತ್ತವೆ, ಒಳಗೆ ತೆರೆದು ನೋಡಿದರೆ ಟೊಳ್ಳು ಇಲ್ಲವೇ ಸೊಟ್ಟ ಬೀಜಾಣು. ಹೊಸ ಹೆಸರನ್ನೂ ಮಿಚೆಲ್ ಅವರೇ ಕೊಟ್ಟರು, ಮೊಲೆಸ್ಟಾ. ಲ್ಯಾಟಿನ್‌ನಲ್ಲಿ ಕಿರಿಕಿರಿ ಕೊಡುವುದು ಅಂತ ಅರ್ಥ. ಸರಿಯಾಗೇ ಇಟ್ಟಾರ.

ಹೆಸರು ಬದಲಾದ ಕೂಡಲೇ ಪ್ರಶ್ನೆಯೂ ಬದಲಾಯಿತು. ಇದು ಆರಿಕ್ಯುಲಾಟಾ ಅಲ್ಲ ಅಂದರೆ ಇದರ ತವರು ಎಲ್ಲಿ? 1978ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳಾದ ಫೋರ್ನೊ ಮತ್ತು ಹಾರ್ಲಿ ಅದನ್ನು ಪತ್ತೆ ಮಾಡಿದರು. ಆಗ್ನೇಯ ಬ್ರೆಜಿಲ್. ಹಿಂದೆ ಹುಡುಕಿದ್ದು ಖಂಡದ ಉತ್ತರ ತುದಿಯಲ್ಲಿ, ಗಿಡದ ಮನೆ ಇದ್ದದ್ದು ಸಾವಿರಾರು ಕಿಲೋಮೀಟರ್ ದಕ್ಷಿಣಕ್ಕೆ. ಆ ಬ್ರೆಜಿಲ್ ಗಿಡಗಳ ಮೇಲೂ ಒಂದು ಮೂತಿಹುಳು ಇತ್ತು. ನೋಡಲು ಹಳೆಯದರ ಹಂಗೇ. ಅದೇ ಸಿಂಗ್ಯುಲಾರಿಸ್ ಇರಬೇಕು ಅಂತ ಎಲ್ಲರೂ ಅಂದುಕೊಂಡರು.

ಆದರೂ 1980ರಲ್ಲಿ ಆಸ್ಟ್ರೇಲಿಯಾದ ಮೌಂಟ್ ಐಸಾ ಪಟ್ಟಣದ ಹತ್ತಿರದ ಮೂಂಡಾರ ಸರೋವರದಲ್ಲಿ ಅದನ್ನು ಬಿಟ್ಟರು. ಅಲ್ಲಿ ಸಾವಿರಾರು ಟನ್ ಸಾಲ್ವಿನಿಯಾ ಇತ್ತು. 1981ರ ಆಗಸ್ಟ್ ಹೊತ್ತಿಗೆ ಉಳಿದಿದ್ದು ಒಂದು ಟನ್ನಿಗಿಂತಲೂ ಕಡಿಮೆ.

ಹಳೆಯ ಹುಳು ಸೋತ ಕಡೆ ಅದೇ ಹುಳು ಹೆಂಗ ಗೆದ್ದಿತು? ಅದು ಅದೇ ಹುಳು ಆಗಿರಲೇ ಇಲ್ಲ. ಕಾಲ್ಡರ್ ಮತ್ತು ಸ್ಯಾಂಡ್ಸ್ 1985ರಲ್ಲಿ ಇದು ಹೊಸ ಪ್ರಭೇದ ಅಂತ ತೋರಿಸಿ ಸಿರ್ಟೊಬ್ಯಾಗಸ್ ಸಾಲ್ವಿನಿಯೇ ಅಂತ ಹೆಸರಿಟ್ಟರು. ಸಿಂಗ್ಯುಲಾರಿಸ್ ಹೆಚ್ಚಾಗಿ ಎಲೆಯನ್ನು ಮೇಯ್ತದ. ಎಲೆ ಹೋದರೆ ಗಿಡ ಇನ್ನೊಂದು ಎಲೆ ಬಿಡ್ತದ. ಸಾಲ್ವಿನಿಯೇ ಹಂಗಲ್ಲ. ದೊಡ್ಡ ಹುಳು ಚಿಗುರು ಮೊಗ್ಗನ್ನೇ ತಿನ್ನುತ್ತದೆ, ಮರಿಹುಳು ಕಾಂಡದೊಳಗೆ ಕೊರೆದುಕೊಂಡು ಹೋಗುತ್ತದೆ. ಹೊಸ ಚಿಗುರು ಇಲ್ಲ, ಕಾಂಡ ಗಟ್ಟಿ ಇಲ್ಲ, ಗಿಡ ಕಂದುಬಣ್ಣಕ್ಕೆ ತಿರುಗಿ ಮುಳುಗುತ್ತದೆ. ಅಸಲು ಮತ್ತು ಬಡ್ಡಿ ಎರಡನ್ನೂ ಒಟ್ಟಿಗೆ ತಿಂದಂಗ ಆಯ್ತು. ಮೇಲಾಗಿ ಗಿಡ ಎಲ್ಲ ಕಡೆ ಒಂದೇ ಮೂಲದ ನಕಲು ಆಗಿದ್ದರಿಂದ, ಒಂದು ಕಡೆ ಗೆದ್ದ ಹುಳು ಇನ್ನೊಂದು ಕಡೆಯೂ ಗೆಲ್ಲುವ ಸಾಧ್ಯತೆ ಜಾಸ್ತಿ ಇತ್ತು. ಗಿಡದ ಬಲವೇ ಅದರ ದೌರ್ಬಲ್ಯ ಆಯಿತು.

ಇದರ ದೊಡ್ಡ ಸಾಕ್ಷಿ ಪಪುವಾ ನ್ಯೂ ಗಿನಿ. ಅಲ್ಲಿಯ ಸೆಪಿಕ್ ನದಿಯ ಬಯಲಿನಲ್ಲಿ ಎಪ್ಪತ್ತರ ದಶಕದ ಶುರುವಿನಲ್ಲಿ ಹೊಕ್ಕ ಈ ಕಳೆ ಸುಮಾರು 250 ಚದರ ಕಿಲೋಮೀಟರ್ ಆವರಿಸಿಕೊಂಡಿತು. ದೋಣಿ ಓಡದೆ ಮೀನು, ಮಾರುಕಟ್ಟೆ, ಆಸ್ಪತ್ರೆ ಎಲ್ಲ ದೂರ ಆಗಿ ಜನ ಹಳ್ಳಿ ಬಿಟ್ಟು ಹೋದ ಉದಾಹರಣೆಗಳೂ ಇವೆ. ಅಲ್ಲಿ ಹುಳು ಮೊದಲು ಹಿಡಿಯಲಿಲ್ಲ, ಗಿಡದಲ್ಲಿ ಪೋಷಕಾಂಶ ಸಾಲದೆ. ವಿಜ್ಞಾನಿಗಳು ಏನು ಮಾಡಿದರು ಗೊತ್ತೇನ್ರಿ? ಕಳೆಗೇ ಸಾರಜನಕದ ಗೊಬ್ಬರ ಹಾಕಿದರು! ಹುಳಕ್ಕೆ ಊಟ ರುಚಿಯಾಯಿತು, ಸಂಖ್ಯೆ ಏರಿತು. 1985ರ ಹೊತ್ತಿಗೆ 250 ಚದರ ಕಿಲೋಮೀಟರ್ ಇದ್ದದ್ದು ಸುಮಾರು ಎರಡಕ್ಕೆ ಇಳಿಯಿತು. ಆ ವರ್ಷ ಯುನೆಸ್ಕೊದ ವಿಜ್ಞಾನ ಪ್ರಶಸ್ತಿ ಸಿಎಸ್‌ಐಆರ್‌ಒ ತಂಡಕ್ಕೆ ಬಂತು.

ಈಗ ಕರ್ನಾಟಕದ ಪಾಲು. ಈ ಮೂತಿಹುಳು 1982ರಲ್ಲಿ ಆಸ್ಟ್ರೇಲಿಯಾದಿಂದ ಬೆಂಗಳೂರಿಗೆ ಬಂತು. ನಾನು ಆಗಲೇ ಹೇಳಿದ ತಾರೀಖು ನೋಡಿದರೆ, ಆಗ ಅದಕ್ಕೆ ತನ್ನದೇ ಅಂತ ಒಂದು ಹೆಸರೂ ಇರಲಿಲ್ಲ. ಬೇರೆ ಬೆಳೆಗೆ ಹಾನಿ ಮಾಡುತ್ತದೇನು ಅಂತ ಮೊದಲು ಪರೀಕ್ಷೆ ಮಾಡಿದರು. ಪರದೇಶದ ಕೀಟವನ್ನು ತಂದು ಸೀದಾ ಕೆರೆಗೆ ಸುರಿಯುವ ಹಾಗಿಲ್ಲ. ಆಮೇಲೆ 1983-84ರಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟರು. ಆ ಕೊಳದಲ್ಲಿ ಸಾಲ್ವಿನಿಯಾ ತುಂಬಿ ನೈದಿಲೆ ತಲೆ ಎತ್ತದಂಗ ಆಗಿತ್ತು. ಹನ್ನೊಂದು ತಿಂಗಳಲ್ಲಿ ಸಾಲ್ವಿನಿಯಾ ಕುಸಿಯಿತು, ನೈದಿಲೆ ಮತ್ತೆ ಚಿಗುರಿತು. ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಕೆ.ಪಿ. ಜಯಂತ್ ಅವರು ಇದನ್ನು 1987ರಲ್ಲಿ ಪ್ರಕಟಿಸಿದರು.

ಬೆಂಗಳೂರಿನ ಆ ಕೊಳ ಒಂದು ಟ್ರಯಲ್ ಬ್ಯಾಲೆನ್ಸ್ ಇದ್ದಂಗ. ಲೆಕ್ಕ ಟ್ಯಾಲಿ ಆದ ಮೇಲೆ ದೊಡ್ಡ ಪುಸ್ತಕ ತೆರೆದಿದ್ದು ಕೇರಳದಲ್ಲಿ. ಕೇರಳ ಕೃಷಿ ವಿಶ್ವವಿದ್ಯಾಲಯದ ಪಿ.ಜೆ. ಜಾಯ್ ಮತ್ತು ಜೊತೆಗಾರರು ಇದನ್ನು ಅಲ್ಲಿ ಹರಡಿದರು. ಮೊದಲು ಗದ್ದೆಯಿಂದ ಈ ಕಳೆ ಕೈಯಿಂದ ತೆಗೆಸಲು ಹೆಕ್ಟೇರಿಗೆ 235 ರೂಪಾಯಿ ಖರ್ಚು ಬರುತ್ತಿತ್ತು. 1988ರ ಹೊತ್ತಿಗೆ ಕೂಲಿಯಲ್ಲಿ ಉಳಿದದ್ದೇ ವರ್ಷಕ್ಕೆ ಸುಮಾರು 68 ಲಕ್ಷ ರೂಪಾಯಿ ಅಂತ ಲೆಕ್ಕ ಹಾಕಿದರು. ಭಾಗಿಸಿ ನೋಡ್ರಿ, ಸುಮಾರು 29 ಸಾವಿರ ಹೆಕ್ಟೇರ್ ಆಗ್ತದ. ಅದೂ ಎಂಬತ್ತರ ದಶಕದ ರೂಪಾಯಿ. ಮುಚ್ಚಿಹೋಗಿದ್ದ ಕಾಲುವೆಗಳಲ್ಲಿ ಮತ್ತೆ ದೋಣಿ ಓಡಿದ್ದು ಈ ಲೆಕ್ಕದಲ್ಲಿ ಸೇರಿಲ್ಲ.

ಕಥೆ ಅಲ್ಲಿಗೆ ಮುಗಿದಿಲ್ಲ. ಕೆಲ ವರ್ಷಗಳ ಹಿಂದೆ ಮಧ್ಯಪ್ರದೇಶದ ಬೇತೂಲ್ ಜಿಲ್ಲೆಯ ಸಾರಣಿ ಜಲಾಶಯದಲ್ಲಿ ಇದೇ ಮೊಲೆಸ್ಟಾ ತುಂಬಿಕೊಂಡಿತು. ಅಲ್ಲಿಯ ಜನ ಅದನ್ನು ‘ಚೈನೀಸ್ ಝಾಲರ್’ ಅಂತಾರ. ಕೇರಳದಲ್ಲಿ ಆಫ್ರಿಕಾ, ಅಲ್ಲಿ ಚೀನಾ. ಬ್ರೆಜಿಲ್ ಹೆಸರನ್ನು ಯಾರೂ ಎತ್ತೂದಿಲ್ಲ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯದವರು ಅದೇ ಮೂತಿಹುಳು ಸಾಕಿ ಬಿಟ್ಟರು, ಜಲಾಶಯ ತೆರವಾಯಿತು. ಈ ಸಲ ಇಪ್ಪತ್ತು ವರ್ಷ ಬೇಕಾಗಲಿಲ್ಲ. ಹೆಸರು ಸರಿ ಇತ್ತಲ್ಲ, ಅದಕ್ಕ.

ಈಗ ಉಣಕಲ್ ಕೆರೆಗೆ ವಾಪಸ್ ಬರೋಣ. “ಹಂಗಾದ್ರ ಆ ಹುಳು ತಂದು ಇಲ್ಲಿ ಬಿಟ್ರಾತು” ಅಂತ ನಿಮ್ಮಲ್ಲಿ ಯಾರಾದರೂ ಅಂದುಕೊಂಡಿದ್ದರೆ, ಸ್ವಲ್ಪ ತಡೀರಿ. ಸಾಲ್ವಿನಿಯಾ ತಿನ್ನುವ ಹುಳು ವಾಟರ್ ಹಯಾಸಿಂತ್ ಮುಗಿಸೂದಿಲ್ಲ. ಅದಕ್ಕೆ ನಿಯೊಕೆಟಿನಾ ಅನ್ನುವ ಬೇರೆ ಮೂತಿಹುಳು ಇದೆ, ಅದನ್ನೂ ಎಂಬತ್ತರ ದಶಕದಲ್ಲಿ ಬೆಂಗಳೂರಿಗೆ ತಂದರು. ಅದು ಸಾಲ್ವಿನಿಯಾಕ್ಕೆ ಉಪಯೋಗ ಇಲ್ಲ. ಜೊತೆಗೆ ಚರಂಡಿ ನೀರು ಕೆರೆಗೆ ಹರಿಯುವುದು ನಿಲ್ಲದಿದ್ದರೆ ಯಾವ ಹುಳಕ್ಕೂ ಪೂರ್ತಿ ಗೆಲ್ಲುವುದು ಕಷ್ಟ. ‘ಅಂತರಗಂಗೆ’ ಅಂತ ಒಂದೇ ಹೆಸರಿನಲ್ಲಿ ಎರಡು-ಮೂರು ಗಿಡ ಸೇರಿಸಿ ಮಾತಾಡಿದರೆ ಯಾವ ಹುಳು ಬೇಕು, ಯಾವ ಯಂತ್ರ ಬೇಕು, ಎಷ್ಟು ಟೆಂಡರ್ ಕರೀಬೇಕು ಅನ್ನುವ ಮುಂದಿನ ಎಲ್ಲ ಲೆಕ್ಕವೂ ಅಲ್ಲಿಂದಲೇ ತಪ್ಪಲು ಶುರು ಆಗ್ತದ.

ಫೋನ್‌ನಲ್ಲಿ ಗಿಡದ ಫೋಟೊ ತೆಗೆದರೆ ಹೆಸರು ಹೇಳುವ ಆ್ಯಪ್ ಈಗ ನಮ್ಮೆಲ್ಲರ ಹತ್ತಿರ ಇವೆ. ಬಳಸ್ರಿ, ಒಳ್ಳೇದು. ಆದರೆ ಆ್ಯಪ್ ನೋಡುವುದು ಮೇಲಿನ ಮುಖ. ಈ ಎರಡು ಜರಿಗಿಡಗಳ ಮೇಲಿನ ಮುಖ ಒಂದೇ. ವ್ಯತ್ಯಾಸ ಇರುವುದು ನೀರಿನ ಕೆಳಗೆ, ಸಂಚಿಯೊಳಗೆ, ಕ್ರೋಮೊಸೋಮಿನ ಎಣಿಕೆಯಲ್ಲಿ. ಅದನ್ನು ನೋಡಲು ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಹರ್ಬೇರಿಯಂ ಬೇಕು, ಮೈಕ್ರೊಸ್ಕೋಪ್ ಮುಂದೆ ದಿನಗಟ್ಟಲೆ ಕೂಡುವ ಮನುಷ್ಯ ಬೇಕು. “ಬಾಟನಿ ಓದಿ ಏನು ಮಾಡ್ತಿ, ಕೆಲಸ ಎಲ್ಲದ?” ಅಂತ ನಮ್ಮ ಮನೆಗಳಲ್ಲಿ ಕೇಳ್ತಾರಲ್ಲ, ಕೇರಳದ 68 ಲಕ್ಷ ಅದಕ್ಕೊಂದು ಉತ್ತರ.

ಕೊನೆಗೆ ಒಂದು ಕೆಲಸದ ಮಾತು. ಸಾಲ್ವಿನಿಯಾ ಜಾತಿಯ ಗಿಡಗಳನ್ನು ಅಕ್ವೇರಿಯಂ ಗಿಡ ಅಂತ ಆನ್‌ಲೈನ್‌ನಲ್ಲಿ ಮಾರ್ತಾರ. ತೊಟ್ಟಿಯಲ್ಲಿ ಚೆಂದ ಕಾಣ್ತಾವ. ತೊಟ್ಟಿ ತೊಳೆಯುವಾಗ ಜಾಸ್ತಿ ಆದ ಗಿಡವನ್ನು ಸಾಧನಕೇರಿಗೋ ಕೆಲಗೇರಿ ಕೆರೆಗೋ ಚೆಲ್ಲಬ್ಯಾಡ್ರಿ, ಗಟಾರಕ್ಕೂ ಬಿಡಬ್ಯಾಡ್ರಿ. ಬಿಸಿಲಿಗೆ ಹರಡಿ ಗರಿಗರಿ ಒಣಗಿಸಿ, ಆಮೇಲೆ ಕಸಕ್ಕೆ ಹಾಕ್ರಿ. ಒಂದು ತುಂಡು ಸಾಕು ಅಂತ ಚಕ್ರಬಡ್ಡಿ ಲೆಕ್ಕ ಹೇಳಿದೆನಲ್ಲ. ನಿಮ್ಮೂರಿನ ಕೆರೆಯಲ್ಲಿ ಬೀಟರ್ ಆಕಾರದ ರೋಮ ಇರುವ ತೇಲುಗಿಡ ಕಂಡರೆ ಮೇಲಿಂದ ಒಂದು, ಮಗುಚಿ ಕೆಳಗಿಂದ ಒಂದು, ಎರಡು ಫೋಟೊ ತೆಗೆದು ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸ್ರಿ.

ಇವತ್ತಿಗೆ ಇಷ್ಟು. ಮುಂದಿನ ವಾರ ಮತ್ತೆ ಸಿಗೋಣ. ಬರ್ತೀನ್ರಿ.